ಎಸ್.ಪಿ. ರಸ್ತೆಯಲ್ಲೊಂದು ಸುತ್ತು

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ನಗರ್ತಪೇಟೆಯ ದಿಕ್ಕಿಗೆ ಕೆಲವೇ ನಿಮಿಷ ನಡೆದರೆ ಸದರ್ ಪತ್ರಪ್ಪ ರಸ್ತೆ ಸಿಗುತ್ತದೆ. ಪೂರ್ತಿ ಹೆಸರು ಹೇಳಿ ದಾರಿ ಕೇಳಿದರೆ ಆಟೋ ಚಾಲಕರೂ ಒಂದು ಕ್ಷಣ ಯೋಚಿಸುತ್ತಾರೆ. ಎಸ್.ಪಿ. ರಸ್ತೆ ಎಂದರೆ ಸಾಕು, ಯಾರಾದರೂ ಕೈ ತೋರಿಸುತ್ತಾರೆ. ಕೃಷ್ಣರಾಜೇಂದ್ರ ಮಾರುಕಟ್ಟೆ, ಚಿಕ್ಕಪೇಟೆ ಎರಡೂ ಮೆಟ್ರೊ ನಿಲ್ದಾಣಗಳಿಂದ ನಡೆದೇ ಬರಬಹುದು. ಸ್ವಂತ ವಾಹನದಲ್ಲಿ ಬರುವ ಸಾಹಸ ಮಾತ್ರ ಬೇಡ. ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ವ್ಯಾಪಾರದ ಉತ್ಸಾಹವೇ ಇಳಿದುಹೋಗಿರುತ್ತದೆ.

ಹಳೆಯ ಬೆಂಗಳೂರಿನ ಪೇಟೆಗಳಿಗೆ ಅಲ್ಲಿ ನಡೆಯುತ್ತಿದ್ದ ಕಸುಬೇ ಹೆಸರು ಕೊಟ್ಟಿತು. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಆ ಲೆಕ್ಕದಲ್ಲಿ ಇದು ಕಂಪ್ಯೂಟರ್ ಪೇಟೆ. ಕಿರಿದಾದ ರಸ್ತೆ, ನೆತ್ತಿಯ ಮೇಲೆ ತಂತಿಗಳ ಜಡೆ, ಸ್ಕೂಟರಿನ ಮುಂದೆ ಮಾನಿಟರ್ ಪೆಟ್ಟಿಗೆಯನ್ನು ಮಗುವಿನಂತೆ ನಿಲ್ಲಿಸಿಕೊಂಡು ಹೋಗುವ ಹುಡುಗರು. ಒಂದೊಂದು ಕಟ್ಟಡದ ಒಳಗೂ ಮೆಟ್ಟಿಲು ಹತ್ತಿದಷ್ಟೂ ಗೂಡಿನಂಥ ಅಂಗಡಿಗಳು. ಒಬ್ಬರು ಮದರ್‌ಬೋರ್ಡ್ ಮಾತ್ರ ಮಾರಿದರೆ ಪಕ್ಕದವರು ಬರೀ ಕೇಬಲ್, ಅದರಾಚೆಯವರು ಹಳೆಯ ಲ್ಯಾಪ್‌ಟಾಪ್ ರಿಪೇರಿ. ಬೇಕಾದ ಬಿಡಿಭಾಗಗಳನ್ನು ಆರಿಸಿಕೊಟ್ಟರೆ ಸಂಜೆಯೊಳಗೆ ಜೋಡಿಸಿದ ಕಂಪ್ಯೂಟರನ್ನು ಕೈಗಿಡುತ್ತಾರೆ.

ಮಕ್ಕಳನ್ನು ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ, ತಾರಾಲಯಕ್ಕೆ ಕರೆದೊಯ್ಯುವುದು ನಮ್ಮ ಶಾಲೆಗಳ ವಾಡಿಕೆ. ಅದು ಒಳ್ಳೆಯದೇ. ಆದರೆ ಪ್ರೌಢಶಾಲೆಯ ಮಕ್ಕಳನ್ನು ಒಂದು ಮಧ್ಯಾಹ್ನ ಈ ರಸ್ತೆಗೂ ಕರೆತರಬೇಕು ಎಂಬುದು ನನ್ನ ಅಭಿಪ್ರಾಯ. ಹೊಸ ತಂತ್ರಜ್ಞಾನ ಹುಟ್ಟುವುದು ಪ್ರಯೋಗಾಲಯದಲ್ಲಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಹುಟ್ಟಿದ ಹತ್ತರಲ್ಲಿ ಮನೆ ಸೇರುವ ಒಂದನ್ನು ಆರಿಸುವವರು ಯಾರು ಎಂಬುದನ್ನು ಹೇಳುವುದಿಲ್ಲ. ಅದರ ಉತ್ತರ ಇಲ್ಲಿಯ ಅಂಗಡಿಗಳ ಮೊಳೆಗಳಿಗೆ ನೇತುಬಿದ್ದಿದೆ.

ಹೋಲ್ಡರ್ ಒಂದೇ, ಬಲ್ಬು ನೂರು

ಮೊದಲು ಒಂದು ಪದದ ಪರಿಚಯ ಬೇಕು. ನಮ್ಮ ಮನೆಗಳ ಗೋಡೆಯಲ್ಲಿ ಎರಡು ಮೊಳೆಯ ಬಲ್ಬಿಗೆ ತಕ್ಕ ಹೋಲ್ಡರ್ ಇರುತ್ತದೆ. ಯಾವ ಕಂಪನಿಯ ಬಲ್ಬು ತಂದು ತಿರುಗಿಸಿದರೂ ಅದು ಕೂರುತ್ತದೆ. ಹೀಗೆ ಎಲ್ಲ ತಯಾರಕರೂ ಒಪ್ಪಿಕೊಂಡ ಅಳತೆ ಮತ್ತು ರೀತಿಗೆ ಮಾನಕ ಎನ್ನುತ್ತಾರೆ. ಮಾನಕವಿದ್ದರೆ ಬಲ್ಬಿನವರೆಲ್ಲ ಒಬ್ಬರ ಮೇಲೊಬ್ಬರು ಸ್ಪರ್ಧಿಸಬೇಕು, ಬೆಲೆ ಇಳಿಯಬೇಕು. ಇಲ್ಲದಿದ್ದರೆ ಹೋಲ್ಡರ್ ಹಾಕಿಸಿದ ಕಂಪನಿಗೇ ಜೀವಮಾನವಿಡೀ ಕಪ್ಪ ಒಪ್ಪಿಸುತ್ತಿರಬೇಕು.

ಕಂಪ್ಯೂಟರಿನಲ್ಲಿ ಇಂಥ ಹೋಲ್ಡರುಗಳು ಹತ್ತಾರಿವೆ. ಪರದೆಯ ಕೇಬಲ್ಲಿಗೊಂದು, ಕೀಲಿಮಣೆಗೊಂದು, ನೆನಪಿನ ಪಟ್ಟಿಗೊಂದು. ಪ್ರತಿಯೊಂದರ ಹಿಂದೆಯೂ ಒಂದು ಜಗಳದ ಕಥೆಯಿದೆ. ಬಹುಪಾಲು ಕಥೆಗಳಲ್ಲಿ ತೀರ್ಪು ಕೊಟ್ಟವನು ಗಿರಾಕಿ.

ಕೇಬಲ್ ಅಂಗಡಿಯ ಕಥೆ

ಇತ್ತೀಚೆಗೆ ನಾನು ಈ ರಸ್ತೆಗೆ ಹೋದದ್ದು ಶಾಲೆಯ ಒಂದು ಸಣ್ಣ ಕೆಲಸಕ್ಕೆ. ದಾನಿಗಳೊಬ್ಬರು ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ವಿಜಿಎ ಕಿಂಡಿ, ಹೊಸದಾಗಿ ಬಂದ ಪರದೆಯಲ್ಲಿ ಇದ್ದದ್ದು ಎಚ್‌ಡಿಎಂಐ. ಎರಡನ್ನೂ ಕೂಡಿಸುವ ಸಾಧನ ಬೇಕಾಗಿತ್ತು. ಅಂಗಡಿಯಾತ ನನ್ನನ್ನು ಕಂಡೊಡನೆ, "ಬರೀ ವೈರ್ ತಗೊಂಡು ಹೋಗ್ಬೇಡಿ ಸಾರ್, ಒಳಗೆ ಚಿಪ್ ಇರೋದೇ ಬೇಕು" ಎಂದ. ಆತ ಹೇಳಿದ್ದು ಒಳ್ಳೆಯ ಭೌತಶಾಸ್ತ್ರ. ವಿಜಿಎ ತಂತಿಯಲ್ಲಿ ಕೆಂಪು, ಹಸಿರು, ನೀಲಿ ಮೂರು ಬಣ್ಣಗಳಿಗೂ ಪ್ರತ್ಯೇಕವಾಗಿ ಏರಿಳಿಯುವ ವೋಲ್ಟೇಜು ಹರಿಯುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಹರಿಯುವುದು ಸೊನ್ನೆ ಮತ್ತು ಒಂದರ ಸರಣಿ. ಒಂದನ್ನು ಇನ್ನೊಂದಕ್ಕೆ ಅನುವಾದಿಸಲು ಮಧ್ಯೆ ದುಭಾಷಿ ಬೇಕೇ ಬೇಕು.

ಆ ಅಂಗಡಿಯ ಮೊಳೆಗೆ ನೇತುಹಾಕಿದ್ದ ವಿಜಿಎ ಕೇಬಲ್, ಅದರ ಪಕ್ಕದಲ್ಲೇ ಇದ್ದ ನೇರಳೆ ಮತ್ತು ಹಸಿರು ತುದಿಯ ದುಂಡು ಪಿನ್ನುಗಳು, ಎರಡೂ ಒಂದೇ ತಾಯಿಯ ಮಕ್ಕಳು. ತಾಯಿಯ ಹೆಸರು ಪಿಎಸ್-2. ಐಬಿಎಂ ಕಂಪನಿ 1987ರ ಏಪ್ರಿಲ್‌ನಲ್ಲಿ ಹೊರತಂದ ಕಂಪ್ಯೂಟರ್ ಸರಣಿ ಅದು.

ಹಿನ್ನೆಲೆ ಹೀಗಿದೆ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ಬಿಡುಗಡೆ ಮಾಡಿದಾಗ ಅದರ ಒಳರಚನೆಯನ್ನು ಗುಟ್ಟಾಗಿಡಲಿಲ್ಲ. ಬೇರೆ ಕಂಪನಿಗಳು ಅದಕ್ಕೆ ಹೊಂದುವ ಕಾರ್ಡುಗಳನ್ನು ಮಾಡಿದವು, ಆಮೇಲೆ ಇಡೀ ಕಂಪ್ಯೂಟರನ್ನೇ ಹೋಲುವಂತೆ ಮಾಡಿ ಕಡಿಮೆ ಬೆಲೆಗೆ ಮಾರಿದವು. ಮಾರುಕಟ್ಟೆ ಕೈತಪ್ಪುತ್ತಿರುವುದನ್ನು ಕಂಡ ಐಬಿಎಂ ಪಿಎಸ್-2ರ ದೊಡ್ಡ ಮಾದರಿಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಒಳಮಾರ್ಗವನ್ನು ಇಟ್ಟಿತು. ತಾಂತ್ರಿಕವಾಗಿ ಅದು ಹಳೆಯದಕ್ಕಿಂತ ಉತ್ತಮವೇ. ಆದರೆ ಹಳೆಯ ಕಾರ್ಡು ಒಂದೂ ಅದರಲ್ಲಿ ಕೂರುತ್ತಿರಲಿಲ್ಲ, ಅದನ್ನು ಅನುಕರಿಸುವವರು ಐಬಿಎಂಗೆ ಹಕ್ಕುಶುಲ್ಕ ತೆರಬೇಕಾಗಿತ್ತು.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದರು ಗಿರಾಕಿಗಳು. ಕೊಂಡಿಟ್ಟ ಕಾರ್ಡುಗಳನ್ನು ಎಸೆಯಲು ಅವರು ಸಿದ್ಧರಿರಲಿಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಕಾಂಪ್ಯಾಕ್ ಕಂಪನಿಯ ಮುಂದಾಳತ್ವದಲ್ಲಿ ಒಂಬತ್ತು ತಯಾರಕರು ಒಟ್ಟಾಗಿ ಇಐಎಸ್‌ಎ ಎಂಬ ಬದಲಿ ಮಾನಕವನ್ನು ಘೋಷಿಸಿದರು. ಅದರ ಗೂಡು ಎರಡು ಅಂತಸ್ತಿನದು. ಹಳೆಯ ಕಾರ್ಡು ಮೇಲಂತಸ್ತಿನವರೆಗೆ ಇಳಿದು ನಿಲ್ಲುತ್ತದೆ, ಹೊಸ ಕಾರ್ಡು ಕೆಳಗಿನವರೆಗೂ ಇಳಿಯುತ್ತದೆ. ಎಷ್ಟು ಜಾಣತನ ನೋಡಿ! ಆದರೂ ಮನೆಯ ಕಂಪ್ಯೂಟರಿಗೆ ಅದೂ ದುಬಾರಿಯಾಯಿತು. ಕಡೆಗೆ ಇಂಟೆಲ್ ಕಂಪನಿ 1992ರಲ್ಲಿ ಹೊರತಂದ ಪಿಸಿಐ ಎಲ್ಲರನ್ನೂ ಗೆದ್ದಿತು. ಐಬಿಎಂ ಕೂಡ ಅದೇ ಹಾದಿಗೆ ಬಂತು.

ಸ್ವಾರಸ್ಯವಿರುವುದು ಮುಂದೆ. ಅದೇ ಪಿಎಸ್-2 ಸರಣಿಯ ವಿಜಿಎ ಪರದೆ, ದುಂಡು ಪಿನ್ನಿನ ಕೀಲಿಮಣೆ, 1.44 ಎಂಬಿಯ ಫ್ಲಾಪಿ ಮೂರನ್ನೂ ಜಗತ್ತು ಅಪ್ಪಿಕೊಂಡಿತು. ಒಂದೇ ಕಂಪನಿ, ಒಂದೇ ಸರಣಿ. ಅದರಲ್ಲಿ ಬೇಕಾದ್ದನ್ನು ಆರಿಸಿ, ಬೇಡವಾದ್ದನ್ನು ತಟ್ಟೆಯ ಅಂಚಿಗೆ ಸರಿಸಿದವನು ಗಿರಾಕಿ. ಮೈಕ್ರೋ ಚಾನೆಲ್ ಎಂದರೆ ಇಂದು ಅಂಗಡಿಯ ಹುಡುಗರಿಗೆ ಗೊತ್ತಾಗುವುದಿಲ್ಲ. ವಿಜಿಎ ಕೇಬಲ್ ಮಾತ್ರ ಮೂರೂವರೆ ದಶಕ ದಾಟಿಯೂ ಮೊಳೆಯ ಮೇಲಿದೆ.

ನೆನಪಿನ ಪಟ್ಟಿಯ ಹಲ್ಲು

ಎರಡನೆಯ ಮಹಡಿಯ ಅಂಗಡಿಯೊಂದರಲ್ಲಿ ರ‍್ಯಾಮ್ ಪಟ್ಟಿಗಳನ್ನು ಗಾಜಿನ ಕೆಳಗೆ ಸಾಲಾಗಿ ಜೋಡಿಸಿದ್ದರು. ವಿದ್ಯಾರ್ಥಿಗಳು ಅವುಗಳ ಅಂಚನ್ನು ಗಮನಿಸಿ ನೋಡಬೇಕು. ಡಿಡಿಆರ್, ಡಿಡಿಆರ್-2, 3, 4, 5 ಒಂದೊಂದರಲ್ಲೂ ಹಲ್ಲು ಬಿದ್ದಂತೆ ಒಂದು ಕಚ್ಚು ಇರುತ್ತದೆ. ಅದರ ಸ್ಥಾನ ಪ್ರತಿ ತಲೆಮಾರಿನಲ್ಲೂ ಸ್ವಲ್ಪ ಬೇರೆ. ತಪ್ಪಾದ ಪಟ್ಟಿಯನ್ನು ತಪ್ಪಾದ ಗೂಡಿಗೆ ತುರುಕದಂತೆ ಮಾಡಿದ ಏರ್ಪಾಡು ಇದು.

ಈ ವಂಶಾವಳಿಯೇ ಹುಟ್ಟದೆ ಹೋಗುವ ಸಂದರ್ಭವೊಂದಿತ್ತು. 1990ರ ದಶಕದ ಕೊನೆಯಲ್ಲಿ ಪ್ರೊಸೆಸರ್ ಜಗತ್ತಿನ ದೊಡ್ಡಣ್ಣನಾಗಿದ್ದ ಇಂಟೆಲ್, ರ‍್ಯಾಂಬಸ್ ಎಂಬ ಕಂಪನಿಯ ಆರ್‌ಡಿರ‍್ಯಾಮ್ ಮುಂದಿನ ಮಾನಕ ಎಂದು ತೀರ್ಮಾನಿಸಿತು. ಅಗಲ ರಸ್ತೆಯಲ್ಲಿ ಸಾಧಾರಣ ವೇಗದ ಗಾಡಿಗಳನ್ನು ಓಡಿಸುವ ಬದಲು ಇಕ್ಕಟ್ಟಾದ ರಸ್ತೆಯಲ್ಲಿ ಬಹಳ ವೇಗದ ಗಾಡಿಗಳನ್ನು ಓಡಿಸುವುದು ಅದರ ತತ್ವ. 2000ದ ನವೆಂಬರ್‌ನಲ್ಲಿ ಪೆಂಟಿಯಂ-4 ಬಂದಾಗ ಅದರೊಂದಿಗೆ ಹೊಂದುತ್ತಿದ್ದದ್ದು ಈ ನೆನಪು ಮಾತ್ರ. ಬೆಲೆಯೋ, ಸಾಮಾನ್ಯ ನೆನಪಿನ ಹಲವು ಪಟ್ಟು. ಪಟ್ಟಿಗಳನ್ನು ಜೋಡಿಯಾಗಿಯೇ ಹಾಕಬೇಕು. ಖಾಲಿ ಗೂಡನ್ನು ಖಾಲಿ ಬಿಡುವಂತೆಯೂ ಇಲ್ಲ, ಅಲ್ಲಿ ಉತ್ಸವಮೂರ್ತಿಯಂತೆ ಏನೂ ಕೆಲಸ ಮಾಡದ ಒಂದು ಪಟ್ಟಿಯನ್ನು ಕೂರಿಸಬೇಕು.

ಅದೇ ವೇಳೆಗೆ ತಯಾರಕರ ಒಕ್ಕೂಟವಾದ ಜೆಡೆಕ್ ಡಿಡಿಆರ್ ಎಂಬ ಮಾನಕವನ್ನು 2000ದಲ್ಲಿ ಪ್ರಕಟಿಸಿತು. ಗಡಿಯಾರದ ಪ್ರತಿ ಮಿಡಿತದ ಏರಿನಲ್ಲೊಮ್ಮೆ, ಇಳಿತದಲ್ಲೊಮ್ಮೆ ಮಾಹಿತಿ ಸಾಗಿಸುವುದರಿಂದ ಅದಕ್ಕೆ ಆ ಹೆಸರು. ಹಳೆಯ ನೆನಪಿಗಿಂತ ಹೆಚ್ಚು ವೇಗ, ಬೆಲೆ ಮಾತ್ರ ಕೈಗೆಟುಕುವಂಥದು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಅದನ್ನು ಆರಿಸಿಕೊಂಡಿತು. ಗಿರಾಕಿ ಅತ್ತ ವಾಲಿದ. 2001ರಲ್ಲಿ ಇಂಟೆಲ್ ತನ್ನ ಪೆಂಟಿಯಂ-4ಕ್ಕೆ ಮೊದಲು ಸಾಮಾನ್ಯ ನೆನಪನ್ನು, ಅದರ ಬೆನ್ನಿಗೇ ಡಿಡಿಆರ್ ಅನ್ನು ಒಪ್ಪಿಕೊಳ್ಳಬೇಕಾಯಿತು. ಜಗತ್ತಿನ ಅತಿ ದೊಡ್ಡ ಚಿಪ್ ಕಂಪನಿಯೂ ಬೆಲೆ ಕೇಳಿ ಎದ್ದುಹೋಗುವ ಗಿರಾಕಿಯ ಮುಂದೆ ನಿಲ್ಲಲಾರದು.

ನಾನು ಅಲ್ಲಿರುವಾಗಲೇ ತಂದೆ, ತಾಯಿ, ಮಗಳು ಮೂವರು ಬಂದರು. ಮಗಳಿಗೆ ಕಾಲೇಜಿಗೆ ಕಂಪ್ಯೂಟರ್ ಬೇಕು. ತಂದೆ ಬಜೆಟ್ ಹೇಳಿ ಸುಮ್ಮನಾದರು. ಅಂಗಡಿಯಾತ ಒಂದು ಮದರ್‌ಬೋರ್ಡ್ ತೋರಿಸಿದ. ಅಷ್ಟರಲ್ಲಿ ಆ ತಾಯಿ ಕೇಳಿದರು: "ಅಣ್ಣಾ, ಈಗ ಎಂಟು ಜಿಬಿ ಹಾಕ್ಸಿ, ಮುಂದಿನ ವರ್ಷ ದುಡ್ಡು ಕೂಡಿದಾಗ ಇನ್ನೊಂದು ಎಂಟು ಹಾಕ್ಸಬಹುದಾ?" ಆತ ಮೊದಲ ಬೋರ್ಡನ್ನು ಸರಿಸಿ, ಇನ್ನೆರಡು ಗೂಡು ಹೆಚ್ಚಿರುವ ಬೋರ್ಡನ್ನು ಮುಂದಿಟ್ಟ. ಮಾನಕಗಳ ಬಗ್ಗೆ ನಾನು ಒಂದು ಗಂಟೆ ಪಾಠ ಮಾಡಿದರೂ ಇಷ್ಟು ಸ್ಪಷ್ಟವಾಗಿ ಹೇಳಲಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ಹಾಸಿಗೆಯನ್ನು ಆಮೇಲೆ ಉದ್ದ ಮಾಡಿಕೊಳ್ಳುವ ಅವಕಾಶ ಬೇಕು. ಆ ಅವಕಾಶವನ್ನು ಕೊಟ್ಟ ಮಾನಕ ಗೆಲ್ಲುತ್ತದೆ.

ಬೀಜ ಮೊದಲೋ, ವೃಕ್ಷ ಮೊದಲೋ

ರಸ್ತೆಯ ಯಾವ ಅಂಗಡಿಗೆ ಹೋದರೂ ತಪ್ಪದೆ ಕಾಣುವುದು ಯುಎಸ್‌ಬಿ. ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್ ಸೇರಿದಂತೆ ಏಳು ಕಂಪನಿಗಳು ಕೂಡಿ ಇದರ ಮೊದಲ ಮಾನಕವನ್ನು 1996ರ ಜನವರಿಯಲ್ಲಿ ಪ್ರಕಟಿಸಿದವು. ಇಂಟೆಲ್‌ನಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ಬರೋಡದ ಮಹಾರಾಜ ಸಯ್ಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. ಮನೆಯವರು ಪ್ರಿಂಟರ್ ಜೋಡಿಸಲು ಪಡುತ್ತಿದ್ದ ಪಾಡು ಈ ಯೋಚನೆಗೆ ಒಂದು ಕಾರಣ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಪ್ರಿಂಟರಿಗೆ ಒಂದು ಕಿಂಡಿ, ಮೌಸಿಗೆ ಇನ್ನೊಂದು, ಮೋಡೆಮಿಗೆ ಮತ್ತೊಂದು. ಜೋಡಿಸಿದ ಮೇಲೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಬೇಕು. ಆಗಲೂ ಅದು ಒಪ್ಪಿದರೆ ಪುಣ್ಯ.

ಮಾನಕ ಬಂತು, ಗಿರಾಕಿ ಬರಲಿಲ್ಲ. ಕಂಪ್ಯೂಟರಿನ ಬೆನ್ನಿನಲ್ಲಿ ಕಿಂಡಿ ಇದ್ದರೂ ಅದಕ್ಕೆ ಸಿಕ್ಕಿಸುವ ಸಾಮಾನು ಅಂಗಡಿಯಲ್ಲಿ ಇರಲಿಲ್ಲ. ಕೊಳ್ಳುವವರಿಲ್ಲವೆಂದು ತಯಾರಕರು ಮಾಡಲಿಲ್ಲ, ಸಾಮಾನಿಲ್ಲವೆಂದು ಜನ ಕೇಳಲಿಲ್ಲ. ನಮ್ಮ ಹಿರಿಯರು ಹೇಳುವ ಬೀಜ-ವೃಕ್ಷ ನ್ಯಾಯ ಇದೇ. ಹಳ್ಳಿಯ ಸಂತೆಯಲ್ಲೂ ಹೀಗೆಯೇ: ಅಂಗಡಿ ಬಂದರೆ ಜನ ಬರುತ್ತಾರೆ, ಜನ ಬಂದರೆ ಅಂಗಡಿ ಬರುತ್ತದೆ. ಮೊದಲ ವಾರ ಯಾರಾದರೂ ಧೈರ್ಯ ಮಾಡಬೇಕು.

ಧೈರ್ಯ ಮಾಡಿದ್ದು ಆಪಲ್. 1998ರ ಆಗಸ್ಟ್‌ನಲ್ಲಿ ಅದು ಮಾರಲು ತೊಡಗಿದ ಐಮ್ಯಾಕ್‌ನಲ್ಲಿ ಫ್ಲಾಪಿ ಇರಲಿಲ್ಲ, ಹಳೆಯ ಮೌಸ್ ಮತ್ತು ಪ್ರಿಂಟರ್ ಕಿಂಡಿಗಳೂ ಇರಲಿಲ್ಲ. ಕೀಲಿಮಣೆಯಿಂದ ಪ್ರಿಂಟರ್‌ವರೆಗೆ ಎಲ್ಲವೂ ಯುಎಸ್‌ಬಿ ಮೂಲಕವೇ. ಆ ಬಣ್ಣದ ಪೆಟ್ಟಿಗೆಯನ್ನು ಜನ ಮುಗಿಬಿದ್ದು ಕೊಂಡರು. ಕೊಂಡವರೆಲ್ಲ ಯುಎಸ್‌ಬಿ ಸಾಮಾನು ಕೇಳತೊಡಗಿದರು. ಅದೇ ವರ್ಷದ ವಿಂಡೋಸ್ 98 ಉಳಿದ ಪಿಸಿಗಳಲ್ಲೂ ಯುಎಸ್‌ಬಿಯನ್ನು ಸಲೀಸು ಮಾಡಿತು. 2000ದಲ್ಲಿ ಪೆನ್‌ಡ್ರೈವ್ ಬಂತು. ಮೊದಲಿನವುಗಳ ಸಾಮರ್ಥ್ಯ ಬರೀ 8 ಎಂಬಿ. ಇಂದು ನಗು ಬರುತ್ತದೆ, ಆದರೆ ಅದು ಐದಾರು ಫ್ಲಾಪಿಗೆ ಸಮ, ಜೇಬಿನಲ್ಲಿ ಬಾಗುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಫ್ಲಾಪಿಯನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಕೊಳ್ಳುವವರಿಲ್ಲದೆ ಅದು ತಾನಾಗಿ ಒಣಗಿತು. 2011ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಅದರ ಮಾರಾಟ ನಿಲ್ಲಿಸಿತು.

ಗಿರಾಕಿ ಯಾವಾಗಲೂ ಅತಿ ಉತ್ತಮವಾದ್ದನ್ನೇ ಆರಿಸುತ್ತಾನೆಂದು ತಿಳಿಯಬಾರದು. ಯುಎಸ್‌ಬಿಯ ಸಮಕಾಲೀನವಾದ ಫೈರ್‌ವೈರ್ ಸೆಕೆಂಡಿಗೆ 400 ಮೆಗಾಬಿಟ್ ಸಾಗಿಸುತ್ತಿದ್ದಾಗ ಯುಎಸ್‌ಬಿಯ ಗರಿಷ್ಠ ವೇಗ 12. ಆದರೂ ಗೆದ್ದದ್ದು ಅಗ್ಗದ ಯುಎಸ್‌ಬಿ. ಬೇಕಾದದ್ದು ಮೌಸ್ ಜೋಡಿಸುವುದಾದರೆ ಅಷ್ಟು ವೇಗ ಯಾರಿಗೆ ಬೇಕು? 2000ದಲ್ಲಿ ಯುಎಸ್‌ಬಿ ತನ್ನ ವೇಗವನ್ನು 480ಕ್ಕೆ ಏರಿಸಿಕೊಂಡಿತು. ಆ ಪಿನ್ನನ್ನು ಕತ್ತಲಲ್ಲಿ ಯಾವಾಗಲೂ ತಲೆಕೆಳಗಾಗಿ ಹಿಡಿಯುವ ನಮ್ಮೆಲ್ಲರ ಹಣೆಬರಹಕ್ಕೂ ಕಾರಣ ಬೆಲೆಯೇ. ಎರಡೂ ಬದಿಯಿಂದ ಸಿಕ್ಕಿಸುವಂತೆ ಮಾಡಿದ್ದರೆ ತಂತಿಗಳು ಹೆಚ್ಚಿ ಖರ್ಚು ಏರುತ್ತಿತ್ತು ಎಂದು ಭಟ್ ವಿವರಿಸಿದ್ದಾರೆ. ಹೇಗೆ ಹಿಡಿದರೂ ಸೇರುವ ಸಿ ಮಾದರಿ ಬರಲು 2014ರವರೆಗೆ ಕಾಯಬೇಕಾಯಿತು.

ಕೆಲವೊಮ್ಮೆ ಗಿರಾಕಿಯ ಬೇಡಿಕೆ ಅಂಗಡಿಯಲ್ಲಿ ಈಡೇರುವುದಿಲ್ಲ. ಮೊಬೈಲ್ ಫೋನಿನ ಚಾರ್ಜರ್ ಅಂಥದು. 2009ರ ಸುಮಾರಿಗೆ ಯೂರೋಪಿನಲ್ಲಿ 30ಕ್ಕೂ ಹೆಚ್ಚು ಬಗೆಯ ಚಾರ್ಜರುಗಳಿದ್ದವು. ಫೋನ್ ಕೊಂಡವರಿಗೆ ಜೊತೆಯಲ್ಲಿ ಬಂದ ಚಾರ್ಜರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೆಲ್ಲಿ? ಅಲ್ಲಿಯ ಜನರ ಅಸಮಾಧಾನ ಸಂಸತ್ತಿಗೆ ಹೋಯಿತು. ಯೂರೋಪ್ ಒಕ್ಕೂಟ 2022ರಲ್ಲಿ ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಸಿ ಮಾದರಿಯನ್ನು ಕಡ್ಡಾಯಗೊಳಿಸಿತು, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರ ಗಡುವು ಕೊಟ್ಟಿತು. ಬಹುಕಾಲ ತನ್ನದೇ ಪಿನ್ನಿಗೆ ಅಂಟಿಕೊಂಡಿದ್ದ ಆಪಲ್ 2023ರಲ್ಲಿಯೇ ಐಫೋನನ್ನು ಬದಲಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ 2023ರಲ್ಲಿ ಸಿ ಮಾದರಿಗೆ ಮಾನಕ ಪ್ರಕಟಿಸಿದೆ. ಗಿರಾಕಿ ಮತದಾರನೂ ಹೌದಲ್ಲವೇ?

ನಮ್ಮ ಅಕ್ಷರಕ್ಕೂ ಗಿರಾಕಿ ಬೇಕು

ಇಷ್ಟೆಲ್ಲ ನೋಡಿದ ಮೇಲೆ ಕನ್ನಡಿಗರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕನ್ನಡಕ್ಕೂ ಮಾನಕವಿದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಂಕೆ ಕೊಡುವ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ನಮ್ಮದೇ ಮಾನಕವೂ ಅದೇ ವರ್ಷ ಪ್ರಕಟವಾಯಿತು. ಆದರೂ ಬಹುಕಾಲ ನಾವು ಬಳಸಿದ್ದು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಒಂದರಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಮುದ್ರಿಸಿ ಕೈಗೆ ಕೊಟ್ಟರೆ ಸಾಕೆಂದಿದ್ದಾಗ ಅದು ಯಾರಿಗೂ ತೊಂದರೆ ಎನಿಸಲಿಲ್ಲ. ಹಾಗಾಗಿ ಯಾರೂ ಕೇಳಲಿಲ್ಲ.

ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ಕನ್ನಡವನ್ನು ಕಂಪ್ಯೂಟರಿನಲ್ಲಿ ಮೂಡಿಸಿದವು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯುನಿಕೋಡ್ ಅಕ್ಷರಶೈಲಿಯನ್ನು ತನ್ನೊಡನೆ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆದರೆ ಮಾನಕ ಮನೆಮಾತಾದದ್ದು ಸಾಮಾನ್ಯ ಜನರಿಗೆ ಅದು ಬೇಕೆನಿಸಿದಾಗ. ಊರಿನ ಅಜ್ಜಿಗೆ ಮೊಮ್ಮಗಳು ಫೋನಿನಲ್ಲಿ ಕನ್ನಡದಲ್ಲೇ ಬರೆದು ಕಳಿಸಬೇಕು, ಅದು ಯಾವ ಕಂಪನಿಯ ಫೋನಿನಲ್ಲಾದರೂ ಅಕ್ಷರವಾಗಿಯೇ ಕಾಣಬೇಕು. ಈ ಆಸೆಯ ಮುಂದೆ ಹಳೆಯ ಸಂಕೇತಗಳು ನಿಲ್ಲಲಿಲ್ಲ.

ಕೆಲಸ ಮುಗಿದಿಲ್ಲ. ಹಳೆಯ ಸಂಕೇತದಲ್ಲಿ ಕುಳಿತಿರುವ ಎಷ್ಟೋ ಪುಸ್ತಕ, ಪಾಠ, ಕಡತಗಳು ಹುಡುಕಿದರೆ ಸಿಗುವುದಿಲ್ಲ. ಇದೇ ರಸ್ತೆಯಲ್ಲಿ ಕೀಲಿಮಣೆ ಕೊಳ್ಳುವಾಗ ಕನ್ನಡ ಅಕ್ಷರ ಅಚ್ಚಾಗಿರುವುದು ಬೇಕೆಂದು ಕೇಳುವವರು ವಿರಳ. ಕೇಳುವವರು ವಿರಳವಾದ್ದರಿಂದ ಇಡುವವರೂ ವಿರಳ. ಮತ್ತೆ ಅದೇ ಬೀಜ, ಅದೇ ವೃಕ್ಷ.

ಆದ್ದರಿಂದ ಈ ರಸ್ತೆಗೆ ಬರುವ ತಂದೆತಾಯಿಯರಿಗೂ ಮಕ್ಕಳಿಗೂ ನನ್ನ ಕಿವಿಮಾತು ಇಷ್ಟೇ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ, ವಾರದ ದಿನ ಬನ್ನಿ. ನಾಲ್ಕು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ. ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಬೇರೆ ಕಂಪನಿಯ ಭಾಗ ಇದಕ್ಕೆ ಹೊಂದುತ್ತದೆಯೇ? ಮುಂದೆ ಹೆಚ್ಚಿಸಲು ಗೂಡು ಖಾಲಿ ಇದೆಯೇ? ಇದರಲ್ಲಿ ಕನ್ನಡ ಬರೆಯಲು ಏನು ಮಾಡಬೇಕು? ಕೊನೆಯ ಪ್ರಶ್ನೆಗೆ ಅಂಗಡಿಯಾತ ತಲೆ ಕೆರೆದುಕೊಳ್ಳಬಹುದು. ಚಿಂತೆಯಿಲ್ಲ. ಒಂದೇ ದಿನ ಹತ್ತು ಜನ ಕೇಳಿದರೆ ಸಂಜೆಗೆ ಆತ ಉತ್ತರ ಕಲಿತಿರುತ್ತಾನೆ, ಮರುವಾರ ಮಾಲು ತರಿಸಿರುತ್ತಾನೆ.